ಪಬ್ ಇಲ್ಲದ ಚಾಕೊಲೇಟ್ ಊರು

ಬರ್ಮಿಂಗ್‌ಹ್ಯಾಮ್‌ನ ದೊಡ್ಡ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ಬೋರ್ನ್‌ವಿಲ್. ಸ್ಟೇಷನ್ನೇ ನೇರಳೆ ಬಣ್ಣ, ಕ್ಯಾಡ್ಬರಿ ಕವರಿನಂತೆ. ಇಳಿದ ಕೂಡಲೇ ಚಾಕೊಲೇಟ್ ಪರಿಮಳ ಬರುತ್ತೆ ಅಂತ ಗೆಳೆಯ ಆಸೆ ಹುಟ್ಟಿಸಿದ್ದ. ಅವತ್ತು ಬಂದದ್ದು ಒದ್ದೆ ಹುಲ್ಲಿನ ವಾಸನೆ ಮಾತ್ರ.

ನಾನು ಭದ್ರಾವತಿಯವನು. ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದ ಊರು. ಕ್ವಾರ್ಟರ್ಸು, ಆಸ್ಪತ್ರೆ, ಸ್ಕೂಲು ಎಲ್ಲ ಕಾರ್ಖಾನೆಯದೇ. ಹಾಗಾಗಿ ಕಂಪನಿ ಕಟ್ಟಿದ ಊರು ಅಂದರೆ ನನಗೆ ಕುತೂಹಲ ಜಾಸ್ತಿ.

ಕ್ಯಾಡ್ಬರಿ ಅಣ್ಣತಮ್ಮಂದಿರು 1879ರಲ್ಲಿ ಫ್ಯಾಕ್ಟರಿಯನ್ನು ಪೇಟೆಯಿಂದ ಈ ಹೊಲಗಳ ನಡುವೆ ತಂದರು. ಆಮೇಲೆ ಜಾರ್ಜ್ ಕ್ಯಾಡ್ಬರಿ ಸುತ್ತಲೂ ಮನೆ ಕಟ್ಟಿಸಿದರು. 1900ರಲ್ಲಿ 330 ಎಕರೆ, 313 ಮನೆಗಳನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಮನೆಗಳು ಕಾರ್ಮಿಕರಿಗೆ ಮಾತ್ರ ಅಂತ ಇರಲಿಲ್ಲ, ಹೊರಗಿನವರೂ ಬಾಡಿಗೆಗೆ ಬರಬಹುದಿತ್ತು. ಈ ಮಾತು ಕೇಳಿ ನನಗೆ ಆಶ್ಚರ್ಯವಾಯಿತು. ನಮ್ಮಲ್ಲಿ ಕೆಲಸ ಇದ್ದಷ್ಟು ದಿನ ಕ್ವಾರ್ಟರ್ಸು, ಅಷ್ಟೇ ಅಲ್ವಾ?

ಸೈಟಿನ ಕಾಲುಭಾಗದಲ್ಲಿ ಮನೆ, ಉಳಿದದ್ದು ತೋಟ. ಒಂದು ಬೇಲಿಯಾಚೆ ಮುದಿ ಸೇಬಿನ ಮರವೊಂದು ಫುಟ್‌ಪಾತಿಗೆ ಬಾಗಿತ್ತು. ಕೆಳಗೆ ಉದುರಿದ ಕಾಯಿಗಳನ್ನು ಯಾರೋ ಬುಟ್ಟಿಗೆ ತುಂಬಿ, 'ಬೇಕಾದವರು ಒಯ್ಯಿರಿ' ಅಂತ ಚೀಟಿ ಇಟ್ಟಿದ್ದರು. ಎರಡು ತಗೊಂಡೆ. ಹುಳಿ ಅಂದರೆ ಹುಳಿ.

ಊರೆಲ್ಲ ಸುತ್ತಿದರೂ ಒಂದು ಪಬ್ ಸಿಗಲಿಲ್ಲ. ಕ್ಯಾಡ್ಬರಿಗಳು ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಕುಡಿತ ಅಂದರೆ ಆಗದು. ಮದುವೆಯಾದ ಹೆಂಗಸರು ಫ್ಯಾಕ್ಟರಿಯಲ್ಲಿ ದುಡಿಯುವ ಹಾಗೂ ಇರಲಿಲ್ಲ. ಅವರ ಕಣ್ಣಲ್ಲಿ ಅದೂ ಕಾಳಜಿಯೇ. ಭದ್ರಾವತಿಯ ಕಾರ್ಖಾನೆ ಸೂರು ಕೊಟ್ಟಿತು. ಸಂಜೆ ಏನು ಕುಡಿಯುತ್ತೀಯ ಅಂತ ಕೇಳುವ ಉಸಾಬರಿಗೆ ಹೋಗಲಿಲ್ಲ.

ಇಷ್ಟು ಕಾಳಜಿಯವರ ಕೋಕೋ ಎಲ್ಲಿಂದ ಬರುತ್ತಿತ್ತು? ಅದರಲ್ಲಿ ದೊಡ್ಡ ಪಾಲು ಆಫ್ರಿಕಾದ ಪಕ್ಕದ ಸಾವೊ ತೊಮೆ ದ್ವೀಪದಿಂದ. ಅಲ್ಲಿನ ತೋಟಗಳಲ್ಲಿ ದುಡಿಯುವವರು ಹೆಸರಿಗೆ ಕೂಲಿಗಳು, ನಿಜದಲ್ಲಿ ಗುಲಾಮರು. ಆ ಸುದ್ದಿ ಕಂಪನಿಯ ಕಿವಿಗೆ ಬಿದ್ದದ್ದು 1901ರಲ್ಲಿ. ಖರೀದಿ ನಿಂತದ್ದು 1909ರಲ್ಲಿ. ನಡುವೆ ವಿಚಾರಣೆ, ಪತ್ರ, ಮಾತುಕತೆ. ಒಂದು ಪತ್ರಿಕೆ ಇದನ್ನು ಕೆಣಕಿ ಬರೆಯಿತು. ಕಂಪನಿ ಮಾನನಷ್ಟದ ಕೇಸು ಹಾಕಿತು, ಬರ್ಮಿಂಗ್‌ಹ್ಯಾಮಿನಲ್ಲೇ ಗೆದ್ದಿತು. ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್. ಪೆನ್ನಿಯ ಕಾಲುಭಾಗ! ತಿರಸ್ಕಾರವನ್ನು ಇಷ್ಟು ಅಗ್ಗದಲ್ಲಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊರಡುವ ಮುಂಚೆ ಫ್ಯಾಕ್ಟರಿ ಅಂಗಡಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಂಡೆ. ಕಂಪನಿ 2010ರಲ್ಲೇ ಅಮೆರಿಕದವರ ಪಾಲಾಗಿದೆ, ಪಬ್ ಮಾತ್ರ ಇನ್ನೂ ಬಂದಿಲ್ಲ. ಗೆಳೆಯ ವಾಚು ನೋಡಿ, "ನಡಿ, ಸ್ಟರ್ಚ್ಲಿಗೆ ಹೋಗೋಣ" ಅಂದ. ಪಕ್ಕದ ಊರು. ಅಲ್ಲಿ ಪಬ್ಬಿಗೆ ಬರ ಇಲ್ಲವಂತೆ.