ನಾನು ತಿದ್ದಿದ ‘ಅಂತೆ’ಗಳು

2016ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್ಸಿನಲ್ಲಿ ನಾನು ಕನ್ನಡ ಎಂ.ಎ. ಓದುತ್ತಿದ್ದೆ. ಕುರ್ಲಾದಿಂದ ಶೇರಿಂಗ್ ರಿಕ್ಷಾ, ಕ್ಯಾಂಟೀನಿನಲ್ಲಿ ಒಂದು ಕಟಿಂಗ್ ಚಹಾ, ಆಮೇಲೆ ತರಗತಿ. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿ. ಮುಂಬಯಿಯಲ್ಲಿದ್ದೂ ನನ್ನ ಕನ್ನಡ ಶುದ್ಧ ಎಂಬ ಜಂಬ ಬೇರೆ. ಯಾರ ಬರಹದಲ್ಲಾದರೂ ತಪ್ಪು ಕಂಡರೆ ನನ್ನ ಪೆನ್ಸಿಲ್ ಸುಮ್ನೆ ಇರುತ್ತಿರಲಿಲ್ಲ.

ನಮ್ಮ ಜೊತೆ ಕುಂದಾಪುರದ ಕಡೆಯವರೊಬ್ಬರಿದ್ದರು. ಹೋಟೆಲಿನಲ್ಲಿ ದುಡಿಯುತ್ತಾ, ರಾತ್ರಿ ಶಾಲೆಯಲ್ಲಿ ಕಲಿತು, ಹಾಗೇ ಡಿಗ್ರಿ ಮುಗಿಸಿ ಬಂದವರು. ನಮಗಿಂತ ದೊಡ್ಡವರು, ಎಲ್ಲರಿಗೂ ‘ಅಣ್ಣ’.

ಇವತ್ತಿನ ಕಥೆ ಕಾದಂಬರಿಗಳಲ್ಲಿ ಆಘಾತ, ಅಂದರೆ ಟ್ರಾಮಾ, ಯಾವ ದನಿಯಲ್ಲಿ ಮಾತಾಡುತ್ತದೆ ಎಂಬ ಪಾಠವಿತ್ತು. ಟ್ರಾಮಾ ಅಂದರೆ ನಮಗೆ ಗೊತ್ತಿದ್ದದ್ದು ಆಸ್ಪತ್ರೆಯ ಬೋರ್ಡು ಮಾತ್ರ. ಮೇಡಂ ಪಾಠ ಶುರು ಮಾಡುವ ಮೊದಲು, ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಒಂದು ಪುಟ ಬರೆಯಿರಿ ಎಂದರು.

ಅಣ್ಣ ಬರೆದದ್ದು 2006ರ ಜುಲೈ 11ರ ಸಂಜೆ. ವೆಸ್ಟರ್ನ್ ಲೈನಿನ ಲೋಕಲ್‌ಗಳಲ್ಲಿ 11 ನಿಮಿಷದೊಳಗೆ 7 ಬಾಂಬು ಸಿಡಿದ ದಿನ. ಸತ್ತವರು 180ಕ್ಕೂ ಜಾಸ್ತಿ. ಇಟ್ಟದ್ದೆಲ್ಲ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ. ಮಾಹಿಮಿನಲ್ಲಿ ಸಿಡಿದಾಗ ಅಣ್ಣ ಪಕ್ಕದ ಸೆಕೆಂಡ್ ಕ್ಲಾಸಿನಲ್ಲಿದ್ದರು. ‘ಚಪ್ಪಲಿಗಳು ಬಿದ್ದಿದ್ದವಂತೆ. ಒಬ್ಬರ ಕೈಯಲ್ಲಿ ಕೊಡೆ ಹಾಗೇ ಇತ್ತಂತೆ. ಓಡಿದ್ದೇ ಓಡಿದ್ದು.’

“ಅಣ್ಣ, ನೀವೇ ಅಲ್ವಾ ಅಲ್ಲಿದ್ದದ್ದು? ಕಣ್ಣಾರೆ ಕಂಡದ್ದಕ್ಕೆ ‘ಅಂತೆ’ ಹಾಕ್ತಾರಾ?” ಎಂದು ಒಂದೊಂದನ್ನೂ ಹೊಡೆದುಹಾಕಿದೆ. ಅವರು “ಹೌದಲ್ಲ” ಎಂದು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮೇಡಂ ಹಾಳೆ ನೋಡಿದರು. “ತಿದ್ದಿದ್ದು ನೀನಾ? ರಬ್ಬರ್ ತಗೊಂಡು ಅಳಿಸು.” ಅಷ್ಟೇ, ಬೈಯಲಿಲ್ಲ.

ಮುಂದಿನ ವಾರ ಕೊರಿಯಾದ ಹಾನ್ ಕಾಂಗ್ ಅವರ ‘ಹ್ಯೂಮನ್ ಆಕ್ಟ್ಸ್’ ತಂದರು. 1980ರಲ್ಲಿ ಗ್ವಾಂಗ್ಜು ಊರಿನಲ್ಲಿ ಸೈನ್ಯ ತನ್ನದೇ ಜನರನ್ನು ಕೊಂದದ್ದರ ಸುತ್ತ ಹೆಣೆದ ಕಾದಂಬರಿ. ಮೊದಲ ಅಧ್ಯಾಯದಲ್ಲಿ ಹೆಣಗಳ ಬಳಿ ಕೆಲಸ ಮಾಡುವ ಹುಡುಗನಿಗೆ ‘ನಾನು’ ಇಲ್ಲ. ಕಥೆ ಅವನನ್ನು ‘ನೀನು’ ಎಂದೇ ಕರೆಯುತ್ತದೆ. ಎರಡನೆಯದರಲ್ಲಿ ‘ನಾನು’ ಬರುತ್ತದೆ, ಆದರೆ ಹಾಗೆನ್ನುವವನು ಅವನ ಸತ್ತ ಗೆಳೆಯ. ಇಂಗ್ಲಿಷಿನಿಂದ ಅಲ್ಲೇ ಕನ್ನಡ ಮಾಡಿಕೊಂಡು ಓದುತ್ತಿದ್ದ ಮೇಡಂ ನಡುವೆ ನಿಲ್ಲಿಸಿ, “ಅವರಿಗೆ ‘ನೀನು’ ಸಿಕ್ಕಿತು, ಇವರಿಗೆ ‘ಅಂತೆ’” ಎಂದರು. ‘ಓಡಿದೆ’ ಎಂದರೆ ‘ನಾನು’ ಅದರೊಳಗೆ ಬಂದೇಬಿಡುತ್ತದೆ. ‘ಓಡಿದ್ದೇ ಓಡಿದ್ದು’ ಎಂದರೆ ಓಡಿದವರು ಯಾರೂ ಆಗಬಹುದು. ಹತ್ತು ವರ್ಷವಾದರೂ ಆ ಗಾಡಿಗೆ ಮತ್ತೆ ಹತ್ತದೆಯೇ ಅದನ್ನು ಹೇಳುವ ದಾರಿ ಅಣ್ಣನಿಗೆ ಬೇಕಿತ್ತು.

ಆಮೇಲೆ ದೇಶ ವಿಭಜನೆಯ ಬಗ್ಗೆ ಉರ್ದುವಿನ ಮಂಟೋ ಬರೆದ ಕಥೆಯ ಬಿಶನ್ ಸಿಂಗ್‌ನ ಕಲಸುಮೇಲೋಗರದ ಮಾತು, ಅರುಂಧತಿ ರಾಯ್ ಕಾದಂಬರಿಯಲ್ಲಿ ಮಾತೇ ಬಿಟ್ಟುಬಿಡುವ ಎಸ್ತಾ, ಎಲ್ಲ ಆಯಿತು. ಪರೀಕ್ಷೆಗೆ ಅವೇ ಬಂದವು. ಚೆನ್ನಾಗಿಯೇ ಬರೆದೆ.

ಅಣ್ಣನ ಹಾಳೆ ಮಾತ್ರ ನನ್ನಲ್ಲೇ ಉಳಿಯಿತು. ಎಷ್ಟು ಉಜ್ಜಿದರೂ ಪೆನ್ಸಿಲಿನ ಗುರುತು ಹೋಗಿಲ್ಲ. ಒಮ್ಮೆ ಎಣಿಸಿದೆ, 14 ‘ಅಂತೆ’. ಯಾರೋ ಮನೆಗೆ ಒಯ್ಯುತ್ತಿದ್ದ ಸೊಪ್ಪಿನ ಕಟ್ಟು ಕಾಲಡಿಗೆ ಸಿಕ್ಕಿತಂತೆ, ಅದು ಕೊನೆಯದು. ಅದರ ಮುಂದಿನ ಸಾಲಿಗೆ ನನ್ನ ಪೆನ್ಸಿಲ್ ತಾಗಿರಲಿಲ್ಲ. ‘ಕೊತ್ತಂಬರಿ ವಾಸನೆ ಬಂತು.’