ನಾಲ್ಕನೇ ಜ್ವರ

14 ಜುಲೈ 2024, ಭಾನುವಾರ

ಶಿಡ್ಲಘಟ್ಟದ ಬಳಿಯ ಚಿಕ್ಕಪ್ಪನವರ ಹುಳುಮನೆಗೆ ಬೆಳಿಗ್ಗೆ ಹೋದಾಗ, ರೇಷ್ಮೆಹುಳುಗಳೆಲ್ಲ ತಲೆಯೆತ್ತಿ, ಕದಲದೆ ಕೂತಿದ್ದವು. ಹಾಸಿಗೆಯ ಮೇಲೆ ಸುಣ್ಣದ ಪುಡಿ ತೆಳ್ಳಗೆ ಉದುರಿಸಿದ್ದರು. “ನಾಲ್ಕನೇ ಜ್ವರಕ್ಕೆ ಕೂತಿವೆ ಕಣಪ್ಪ, ಮುಟ್ಟಬೇಡ” ಎಂದರು.

ಇದು ಕಾಯಿಲೆಯ ಜ್ವರವಲ್ಲ, ಪೊರೆ ಬಿಡುವ ಹೊತ್ತು. ಕೀಟಗಳಿಗೆ ಒಳಗೆ ಎಲುಬಿಲ್ಲ. ಕೈಟಿನ್ ಎಂಬ ಗಟ್ಟಿ ನಾರಿನಂಥ ವಸ್ತು ಮತ್ತು ಪ್ರೋಟೀನಿನಿಂದಾದ ಹೊರಕವಚವೇ ಅವುಗಳ ಅಸ್ಥಿಪಂಜರ, ಸ್ನಾಯುಗಳು ಒಳಗಿನಿಂದ ಅದಕ್ಕೇ ಅಂಟಿಕೊಂಡಿರುತ್ತವೆ. ನಮ್ಮ ಎಲುಬು ಜೀವಂತ ಅಂಗಾಂಶವಾದ್ದರಿಂದ ಒಂದೆಡೆ ಕರಗುತ್ತ, ಇನ್ನೊಂದೆಡೆ ಕಟ್ಟಿಕೊಳ್ಳುತ್ತ ನಮ್ಮೊಡನೆಯೇ ಬೆಳೆಯುತ್ತದೆ. ಒಮ್ಮೆ ಗಟ್ಟಿಯಾದ ಕವಚಕ್ಕೆ ಆ ಅನುಕೂಲವಿಲ್ಲ. ರೇಷ್ಮೆಹುಳುವಿನ ಮೈ ಮೆತ್ತಗಿದ್ದು, ಎರೆಹುಳುವಿನಂತೆ ಒಳಗಿನ ದ್ರವದ ಒತ್ತಡದಿಂದಲೇ ಬಿಗಿಯಾಗಿ ನಿಲ್ಲುತ್ತದೆ, ಚರ್ಮವೂ ಸಾಕಷ್ಟು ಹಿಗ್ಗುತ್ತದೆ. ಹಿಗ್ಗದಿರುವುದು ತಲೆ.

ಮಸೂರದಲ್ಲಿ ನೋಡಿದೆ. ಹಳೆಯ ಕಂದು ತಲೆ ಮೂತಿಯ ತುದಿಗೆ ಪುಟ್ಟ ಟೊಪ್ಪಿಯಂತೆ ಸಿಕ್ಕಿಕೊಂಡಿತ್ತು; ಅದರ ಹಿಂದೆ, ಚರ್ಮದಡಿಯಲ್ಲಿ, ಅದಕ್ಕಿಂತ ಎಷ್ಟೋ ದೊಡ್ಡದಾದ ಹೊಸ ತಲೆ ಉಬ್ಬಿ ನಿಂತಿತ್ತು. ಹನ್ನೊಂದರ ಸುಮಾರಿಗೆ ಒಂದು ಹುಳು ಎದ್ದಿತು. ತಲೆಯ ಹಿಂದೆ ಚರ್ಮ ಬಿರಿಯಿತು, ಟೊಪ್ಪಿ ಉದುರಿತು, ಹುಳು ತಾನೇ ನೂಲೆಳೆಯಿಂದ ಹಾಸಿಗೆಗೆ ಬಿಗಿದಿದ್ದ ಹಳೆಯ ಪೊರೆಯಿಂದ ಮುಂದಕ್ಕೆ ತೆವಳಿ ಹೊರಬಂತು. ಆ ಪೊರೆಯನ್ನು ನೀರಿನಲ್ಲಿ ಬಿಡಿಸಿದಾಗ ಎರಡೂ ಪಕ್ಕಗಳಲ್ಲಿ ನವಿರಾದ ಎಳೆಗಳು ಕಂಡವು: ಉಸಿರಾಟದ ನಾಳಗಳ ಒಳಪದರ! ಮೈಯ ಹೊರಗಿನದನ್ನಷ್ಟೇ ಅಲ್ಲ, ಉಸಿರಿನ ದಾರಿಯ ಅಸ್ತರಿಯನ್ನೂ ಅದು ಕಳಚಿಡುತ್ತದೆ.

ಆಮೆಯ ಚಿಪ್ಪನ್ನೂ ನನ್ನ ವಿದ್ಯಾರ್ಥಿಗಳು ಹೊರಕವಚವೆಂದೇ ಬರೆಯುತ್ತಾರೆ. ಅದು ಪಕ್ಕೆಲುಬು, ಬೆನ್ನೆಲುಬುಗಳು ಬೆಸೆದು ಆದದ್ದು. ಆಮೆ ಅದನ್ನು ಬಿಟ್ಟು ಬರಲಾರದು. ಏಡಿಯಾದರೆ ಈ ಹುಳುವಿನ ಬಳಗ, ಸುಣ್ಣದಂಶ ಸೇರಿ ಗಟ್ಟಿಯಾದ ಚಿಪ್ಪನ್ನೂ ಕಳಚಿ ಬರುತ್ತದೆ. ಚಿಪ್ಪು ಕಳಚಿದ ಮೆತ್ತನೆಯ ಮೈಯನ್ನು ನೀರು ಎತ್ತಿ ಹಿಡಿಯುವುದರಿಂದ, ಜಪಾನಿನ ಕಡಲ ಜೇಡ ಏಡಿ ಕಾಲಿನ ತುದಿಯಿಂದ ತುದಿಗೆ ಮೂರೂವರೆ ಮೀಟರಿಗೂ ಮೀರಿ ಬೆಳೆಯಬಲ್ಲದು. ನೆಲದ ಮೇಲೆ ಅಷ್ಟು ದೊಡ್ಡ ಕೀಟ ಪೊರೆ ಬಿಟ್ಟರೆ ತನ್ನ ಭಾರಕ್ಕೇ ಕುಸಿದೀತು.

ಎದ್ದ ಹುಳುಗಳಿಗೆ ಚಿಕ್ಕಪ್ಪ ಇನ್ನೂ ಸೊಪ್ಪು ಹಾಕಿಲ್ಲ. ಹೆಚ್ಚುಕಡಿಮೆ ಎಲ್ಲವೂ ಏಳಬೇಕಂತೆ, ಇಲ್ಲವಾದರೆ ಮುಂದೆ ಹಣ್ಣಾಗುವಾಗ, ಅಂದರೆ ಗೂಡು ಕಟ್ಟಲು ಸಿದ್ಧವಾಗುವಾಗ, ಹಿಂದುಮುಂದಾಗುತ್ತದೆ. ಹತ್ತು ಪೊರೆಗಳನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡೆ, ಟೊಪ್ಪಿಗಳನ್ನು ಬೇರೆ ಚೀಟಿಯಲ್ಲಿ ಮಡಿಚಿದೆ.