ಮಿನಿ ಕುದುರೆಗೆ ಆಡಿನ ಜೊತೆ: ಹುಲ್ಲು ಒಂದೇ ಇರಲಿ, ಕೈತಿಂಡಿ ಮಾತ್ರ ಬೇರೆ

ಅಮೆರಿಕದ ಟೆಕ್ಸಾಸ್, ಒಕ್ಲಹೋಮ ಕಡೆ ಊರಾಚೆ ಎರಡು ಮೂರು ಎಕರೆ ಜಾಗ ಇಟ್ಟುಕೊಂಡವರ ಬೇಲಿಯೊಳಗೆ ಸೊಂಟದೆತ್ತರದ ಕುದುರೆ, ಅದರ ಪಕ್ಕದಲ್ಲೇ ಎರಡು ಆಡು ಮೇಯುತ್ತಿರುವುದು ಮಾಮೂಲಿ. ನೋಡಿದವರು ಅದನ್ನು ಕುದುರೆಮರಿ ಅಂದುಕೊಳ್ಳುತ್ತಾರೆ. ಅಲ್ಲ, ಅದು ಪೂರ್ತಿ ಬೆಳೆದ ಮಿನಿಯೇಚರ್ ಕುದುರೆ. ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ನಿಯಮದ ಪ್ರಕಾರ ಜೂಲಿನ ಕೊನೆಯ ಕೂದಲು ಮುಗಿಯುವ ಜಾಗದಲ್ಲಿ ಅಳೆದರೆ 34 ಇಂಚು ದಾಟಬಾರದು. ತೂಕ ಹೆಚ್ಚುಕಡಿಮೆ 70ರಿಂದ 110 ಕೆಜಿ. ಇಲ್ಲಿನ ಅಂಗವಿಕಲರ ಹಕ್ಕಿನ ಕಾನೂನಿನ 2010ರ ತಿದ್ದುಪಡಿ ನಿಯಮಗಳಲ್ಲಿ ದಾರಿ ತೋರಿಸುವ ನಾಯಿಯ ಜೊತೆಗೆ ತರಬೇತಾದ ಮಿನಿ ಕುದುರೆಗೂ ಜಾಗ ಕೊಟ್ಟಿದ್ದಾರೆ. ಅಷ್ಟು ಸಾಧು, ಅಷ್ಟು ಚುರುಕು.

ಆದರೆ ಗಾತ್ರ ಚಿಕ್ಕದಾದರೂ ಅದು ಕುದುರೆಯೇ. ಹಿಂಡಿನ ಪ್ರಾಣಿ. ಒಂಟಿಯಾಗಿ ಬಿಟ್ಟರೆ ಬೇಲಿಯುದ್ದಕ್ಕೂ ಓಡಾಡುತ್ತದೆ, ಕೆನೆಯುತ್ತದೆ, ಮೇವು ಬಿಡುತ್ತದೆ. ಮೇವು ಬಿಡುವುದೇ ಮಿನಿಗಳಲ್ಲಿ ದೊಡ್ಡ ಅಪಾಯ. ದೇಹದ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ, ಯಕೃತ್ತು ಸೋಲುತ್ತದೆ. ಹೈಪರ್‌ಲಿಪೀಮಿಯಾ ಎನ್ನುವ ಈ ಕಾಯಿಲೆಗೆ ದಪ್ಪಗಿರುವ ಮಿನಿಗಳು ಬೇಗ ಬಲಿಯಾಗುತ್ತವೆ. ಹಾಗಾಗಿ ಜೊತೆ ಬೇಕೇ ಬೇಕು. ಮೊದಲ ಆಯ್ಕೆ ಯಾವತ್ತೂ ಇನ್ನೊಂದು ಮಿನಿ ಕುದುರೆಯೇ ಆಗಿರಬೇಕು. ಒಂದರ ಬೆನ್ನನ್ನು ಇನ್ನೊಂದು ಹಲ್ಲಿನಿಂದ ಕೆರೆಯುವುದು, ಕಿವಿ ಹಿಂದಕ್ಕೆ ಮಡಿಚಿ ‘ದೂರ ಇರು’ ಅನ್ನುವುದು, ಇವೆಲ್ಲ ಆಡಿಗೆ ಬರುವುದಿಲ್ಲ. ಆದರೂ ಎರಡನೇ ಕುದುರೆ ಸಾಕಲಾಗದ ಕಡೆ, ಅಥವಾ ವಯಸ್ಸಾದ ಕುದುರೆಯೊಂದು ಉಳಿದುಬಿಟ್ಟ ಕಡೆ, ಆಡು ನಿಜಕ್ಕೂ ಆಸರೆಯಾಗುತ್ತದೆ.

ಆಡು ತರುವುದಾದರೆ ಒಂದಲ್ಲ, ಎರಡು. ಆಡಿಗೂ ಆಡು ಬೇಕು. ಕುದುರೆ ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ, ಆಡು ಮೇಯ್ದು ಮಲಗಿ ಮೆಲುಕು ಹಾಕುತ್ತದೆ. ಆ ಹೊತ್ತಿನಲ್ಲಿ ಒತ್ತಿಕೊಂಡು ಮಲಗಲು ಅದಕ್ಕೆ ತನ್ನ ಜಾತಿಯದೇ ಬೇಕು. ಇಲ್ಲಿ ಹೆಚ್ಚಾಗಿ ಇಡುವುದು ನೈಜೀರಿಯನ್ ಡ್ವಾರ್ಫ್ ಅಥವಾ ಪಿಗ್ಮಿ ಜಾತಿಯ, ಬೀಜ ಒಡೆಸಿದ ಹೋತಗಳನ್ನು. ಬೀಜ ಒಡೆಸದ ಹೋತ ಬೆದೆಗಾಲದಲ್ಲಿ ನಾರುತ್ತದೆ, ಕುದುರೆಯ ಮೇಲೂ ಏರಲು ನೋಡುತ್ತದೆ. ಕೊಂಬು ಇರಲೇಬಾರದು. ಆಳೆತ್ತರದ ಕುದುರೆಗೆ ಆಡು ಗುದ್ದಿದರೆ ಕಾಲಿಗೆ ತಾಗುತ್ತದೆ, ಮಿನಿಗೆ ಅದೇ ಕೊಂಬು ಹೊಟ್ಟೆಗೋ ಕಣ್ಣಿಗೋ ಸರಿಯಾಗಿ ಬರುತ್ತದೆ. ಹುಟ್ಟಾ ಬೋಳು ತಲೆಯವು ಸಿಗುತ್ತವೆ, ಇಲ್ಲವೇ ಹುಟ್ಟಿದ ಎರಡು ವಾರದೊಳಗೆ ಕೊಂಬಿನ ಮೊಳಕೆ ಸುಡಿಸಿದ ಮರಿ ತರಬೇಕು. ಬಲಿತ ಮೇಲೆ ಕೊಂಬು ಕತ್ತರಿಸಲು ಹೋದರೆ ರಕ್ತ, ನೋವು, ತಲೆಬುರುಡೆಯಲ್ಲಿ ತೂತು. ಆ ಕೆಲಸ ಬೇಡ.

ಇನ್ನು ಮೇವಿನ ವಿಷಯ. ಈ ಎರಡು ಪ್ರಾಣಿ ಒಟ್ಟಿಗೆ ಸಾಕುವುದರಲ್ಲಿ ಜೀವ ಹೋಗುವ ತಪ್ಪುಗಳು ಆಗುವುದು ಇಲ್ಲೇ. ಆಡಿನ ಕೈತಿಂಡಿಯ, ಅಂದರೆ ಹುಲ್ಲಿನ ಜೊತೆಗೆ ಹಾಕುವ ಕಾಳು-ಹಿಂಡಿ ಮಿಶ್ರಣದ, ಚೀಲದಲ್ಲಿ ಎಷ್ಟೋ ಸಲ ಮೊನೆನ್ಸಿನ್ ಎನ್ನುವ ಮದ್ದು ಬೆರೆಸಿರುತ್ತಾರೆ. ರುಮೆನ್ಸಿನ್ ಅನ್ನುವುದು ಅದರ ಮಾರಾಟದ ಹೆಸರು. ಮರಿಗಳಿಗೆ ಬರುವ ಕಾಕ್ಸಿಡಿಯಾ ಭೇದಿ ತಡೆಯಲು ಒಂದು ಟನ್ ತಿಂಡಿಗೆ 20 ಗ್ರಾಂ ಲೆಕ್ಕ. ಆಡಿಗೆ ಅದು ಔಷಧ, ಕುದುರೆಗೆ ವಿಷ. ದೇಹತೂಕದ ಪ್ರತಿ ಕೆಜಿಗೆ 2ರಿಂದ 3 ಮಿಲಿಗ್ರಾಂ ಹೋದರೆ ಅರ್ಧದಷ್ಟು ಕುದುರೆಗಳು ಸಾಯುತ್ತವೆ, ಆಡು ಅದರ ಸುಮಾರು ಹತ್ತು ಪಟ್ಟು ತಡೆದುಕೊಳ್ಳುತ್ತದೆ. 90 ಕೆಜಿಯ ಮಿನಿಗೆ ಲೆಕ್ಕ ಹಾಕಿದರೆ 180 ಮಿಲಿಗ್ರಾಂನಿಂದಲೇ ಸಾವಿನ ಗಡಿ ಶುರು. ಆಡಿನ ತಿಂಡಿಯಲ್ಲಿ ಅಷ್ಟು ಸೇರಬೇಕಾದರೆ ಎಂಟು ಕೆಜಿ ತಿನ್ನಬೇಕು, ನಿಜ. ಆದರೆ ದನಗಳಿಗೆ ಮಾರುವ ಕೆಲವು ಲವಣ ಮಿಶ್ರಣಗಳಲ್ಲಿ ಟನ್ನಿಗೆ 1,600 ಗ್ರಾಂನಷ್ಟು ಇರುತ್ತದೆ. ಅದರಲ್ಲಿ ಬರೀ ನೂರು ಗ್ರಾಂ ನೆಕ್ಕಿದರೆ ಮುಗಿಯಿತು. ಹೃದಯದ ಸ್ನಾಯುವೇ ಸಾಯುತ್ತದೆ. ಮೊದಲು ಮೇವು ಬಿಡುತ್ತದೆ, ಬೆವರುತ್ತದೆ, ಹೊಟ್ಟೆಶೂಲೆಯಂತೆ ಒದ್ದಾಡುತ್ತದೆ, ಹಿಂಗಾಲು ತಡವರಿಸುತ್ತದೆ. ಇದಕ್ಕೆ ಪ್ರತಿಮದ್ದು ಇಲ್ಲ. ಬದುಕಿ ಉಳಿದರೂ ಹೃದಯದಲ್ಲಿ ಕಲೆ ಉಳಿದು, ತಿಂಗಳುಗಳಾದ ಮೇಲೆ ಓಡುವಾಗ ಬಿದ್ದು ಸಾಯಬಹುದು. ಅನುಮಾನ ಬಂದ ತಕ್ಷಣ ಚೀಲದ ಲೇಬಲ್ ಹರಿದು ಕೈಯಲ್ಲಿಟ್ಟುಕೊಂಡು ಪಶುವೈದ್ಯರಿಗೆ ಫೋನ್ ಮಾಡಿ. ನಮ್ಮೂರ ಕಡೆ ಕುದುರೆ ಸಾಕುವವರೂ ಇದನ್ನು ಗಮನಿಸಬೇಕು: ಬ್ರಾಯ್ಲರ್ ಕೋಳಿಯ ಫೀಡಿನಲ್ಲಿ ಬಳಸುವ ಸ್ಯಾಲಿನೋಮೈಸಿನ್ ಇದೇ ಗುಂಪಿನದು, ಕುದುರೆಗೆ ಮೊನೆನ್ಸಿನ್‌ಗಿಂತಲೂ ಕೆಟ್ಟದ್ದು.

ಹಾಗಾದರೆ ಏನು ಹಾಕಬೇಕು? ನಮ್ಮ ಪ್ರಕಾರ ಬೀಜ ಒಡೆಸಿದ ಹೋತಕ್ಕೆ ಕೈತಿಂಡಿಯೇ ಬೇಡ. ಕಾಳು ಹೆಚ್ಚಾದರೆ ರಂಜಕ (ಫಾಸ್ಫರಸ್) ಹೆಚ್ಚಾಗಿ ಮೂತ್ರನಾಳದಲ್ಲಿ ಹರಳು ಕಟ್ಟುತ್ತದೆ. ಮೂತ್ರಕಟ್ಟು ಬಂದ ಹೋತ ಬೆನ್ನು ಬಾಗಿಸಿ ತಿಣುಕುತ್ತಾ ನಿಲ್ಲುತ್ತದೆ, ಹನಿ ಹನಿ ಬಿಡುತ್ತದೆ, ಅಥವಾ ಏನೂ ಬರುವುದಿಲ್ಲ. ಗಂಟೆಗಳೊಳಗೆ ವೈದ್ಯರು ನೋಡದಿದ್ದರೆ ಮೂತ್ರಚೀಲ ಒಡೆಯುತ್ತದೆ. ಮೇವಿನಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಮತ್ತು ರಂಜಕ 2:1 ಪ್ರಮಾಣದಲ್ಲಿರಬೇಕು ಅನ್ನುವುದು ಇದಕ್ಕೇ. ಮಿನಿಗೂ ಕಾಳು ಬೇಡ, ಬೊಜ್ಜು ಬಂದು ಗೊರಸಿನೊಳಗೆ ಉರಿಯೂತ ಶುರುವಾಗಿ ನಡೆಯಲಾರದಂತಾಗುತ್ತದೆ. ಇಬ್ಬರಿಗೂ ಒಣಹುಲ್ಲೇ ಸಾಕು. ದೇಹತೂಕದ ಶೇ. 1.5ರಿಂದ 2, ಅಂದರೆ 90 ಕೆಜಿಯ ಮಿನಿಗೆ ದಿನಕ್ಕೆ 1.4ರಿಂದ 1.8 ಕೆಜಿ. ತಕ್ಕಡಿಯಲ್ಲಿ ತೂಗಿ ಹಾಕಿ, ಕಣ್ಣಳತೆ ನಂಬಬೇಡಿ. 30 ಕೆಜಿಯ ಆಡಿಗೆ ಒಂದು ಕೆಜಿ ಆಸುಪಾಸು. ಆಲ್ಫಾಲ್ಫಾ, ಅಂದರೆ ನಮ್ಮ ಕುದುರೆ ಮೆಂತ್ಯೆ, ಮಿನಿಗೆ ಪುಷ್ಟಿ ತೀರಾ ಹೆಚ್ಚಾದ ಆಹಾರ. ಹಾಕುವುದಿದ್ದರೆ ಒಂದು ಹಿಡಿ ಅಷ್ಟೆ.

ಆಡಿಗೆ ತಾಮ್ರ ಇರುವ ಲವಣ ಮಿಶ್ರಣ ಬೇಕು. ತಾಮ್ರದಿಂದ ಕುದುರೆಗೆ ತೊಂದರೆ ಇಲ್ಲ, ಅದನ್ನು ತಾಳದ್ದು ಕುರಿ. ಆದರೆ ಲೇಬಲ್ಲಿನ ಪ್ರತಿ ಸಾಲು ಓದಿ, ಮೊನೆನ್ಸಿನ್ ಅಥವಾ ಅದೇ ಗುಂಪಿನ ಲಾಸಲೋಸಿಡ್ ಹೆಸರು ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಚಿತ್ರಕ್ಕಿಂತ ಸಾಲು ಮುಖ್ಯ, ಚೀಲದ ಮೇಲಿನ ಆಡಿನ ಚಿತ್ರ ಏನನ್ನೂ ಹೇಳುವುದಿಲ್ಲ. ಹುಲ್ಲು ಇಡಲು ನೇತುಹಾಕುವ ಬಲೆ ಬೇಡ. ಮಿನಿಯ ಗೊರಸೂ ಆಡಿನ ಕತ್ತೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಮರದ ಪೆಟ್ಟಿಗೆಯ ಮೇಲೆ ಸಣ್ಣ ಕಿಂಡಿಗಳ ಜಾಲರಿ ಕೂರಿಸಿದರೆ ನಿಧಾನವಾಗಿ ತಿನ್ನುತ್ತವೆ. ಪ್ರಾಣಿಗಳು ಎಷ್ಟಿವೆಯೋ ಅದಕ್ಕಿಂತ ಒಂದು ಜಾಗ ಹೆಚ್ಚು ಇರಲಿ, ಜಗಳ ಅರ್ಧ ಕಡಿಮೆಯಾಗುತ್ತದೆ.

ಬೇಲಿಗೆ ಎರಡು ಇಂಚಿಗೆ ನಾಲ್ಕು ಇಂಚಿನ ಕಣ್ಣಿನ, ನಾಲ್ಕಡಿ ಎತ್ತರದ ಹೆಣೆದ ತಂತಿ ಸರಿ. ಕಣ್ಣು ದೊಡ್ಡದಾದರೆ ಆಡು ತಲೆ ತೂರಿಸುತ್ತದೆ, ಮಿನಿ ಕಾಲು ತೂರಿಸುತ್ತದೆ. ಮುಳ್ಳುತಂತಿ ಬೇಡವೇ ಬೇಡ. ಕೊಟ್ಟಿಗೆಯಲ್ಲಿ ಆಡಿಗೆಂದೇ ಒಂದು ಸಂದು ಬಿಡಿ. ಮಿನಿಯ ಎದೆಯ ಅಗಲ ಟೇಪಿನಲ್ಲಿ ಅಳೆದು, ಅದಕ್ಕಿಂತ ಕಿರಿದಾಗಿ, ಆಡು ನುಸುಳುವಷ್ಟು. ಕುದುರೆ ಅಟ್ಟಿಸಿಕೊಂಡು ಬಂದಾಗ ಓಡಿಹೋಗಲು ಅದೇ ದಾರಿ, ಲವಣ ಮಿಶ್ರಣ ಇಡುವ ಜಾಗವೂ ಅದೇ. ಆದರೆ ಆ ಸಂದಿನಲ್ಲಿ ಕುದುರೆಮರಿ ಸಲೀಸಾಗಿ ನುಗ್ಗುತ್ತದೆ ಎನ್ನುವುದು ನೆನಪಿರಲಿ.

ಹೊಸ ಆಡು ಬಂದರೆ ಮೊದಲ 30 ದಿನ ಬೇರೆಯೇ ಇರಲಿ. ಸಿಎಇ (ಕೀಲು ಊದಿಸುವ ವೈರಸ್), ಸಿಎಲ್ (ಗ್ರಂಥಿಗಳಲ್ಲಿ ಕೀವುಗಂಟು), ಯೋನೀಸ್ (ಕರುಳು ಕೆಡಿಸಿ ಸೊರಗಿಸುವ ರೋಗ), ಈ ಅಂಟುಕಾಯಿಲೆಗಳ ಪರೀಕ್ಷೆ ಮುಗಿಸಿ. ಆಮೇಲೆ ಎರಡು ವಾರ ಬೇಲಿಯ ಆಚೀಚೆ ಬಿಟ್ಟು, ಮೂಗು ಮೂಸಿ ಬೇಸರವಾದ ಮೇಲೆ ಒಂದೇ ಅಂಗಳಕ್ಕೆ ಬಿಡಬಹುದು. ಅದೂ ವಿಶಾಲ ಜಾಗದಲ್ಲಿ, ಮೂಲೆಗಳಿಲ್ಲದ ಕಡೆ. ಕುದುರೆ ತಲೆ ತಗ್ಗಿಸಿ, ಕಿವಿ ಮಡಿಚಿ ಆಡಿನ ಕುತ್ತಿಗೆಯ ಕಡೆ ಹೋದರೆ ಅದು ಆಟವಲ್ಲ. ಕತ್ತು ಕಚ್ಚಿ ಎತ್ತಿ ಕೊಡವುವ ಕುದುರೆಗಳಿವೆ. ಅಂಥದ್ದಕ್ಕೆ ಆಡು ಜೊತೆಯಾಗುವುದಿಲ್ಲ, ಬಲವಂತ ಮಾಡಬಾರದು. ಇತ್ತ ಆಡುಗಳೂ ಕಡಿಮೆಯಿಲ್ಲ, ಮಲಗಿದ ಮಿನಿಯ ಬಾಲ ಅಗಿದು ಮೊಂಡು ಮಾಡುತ್ತವೆ. ಹುಲ್ಲು ಸಾಲದೆ ಹೋದಾಗ ಈ ಚಾಳಿ ಜಾಸ್ತಿ.

ಜಂತುಹುಳುವಿನಲ್ಲಿ ಮಾತ್ರ ಈ ಜೋಡಿಗೆ ಲಾಭವಿದೆ. ಆಡಿನ ರಕ್ತ ಹೀರುವ ಹಿಮಾಂಕಸ್ ಹುಳು ಕುದುರೆಯಲ್ಲಿ ಬೆಳೆಯದು, ಕುದುರೆಯ ಬಹುತೇಕ ಹುಳುಗಳು ಆಡಿನಲ್ಲಿ ಬೆಳೆಯವು. ಒಂದು ಮೇಯ್ದ ಹುಲ್ಲನ್ನು ಇನ್ನೊಂದು ಗುಡಿಸಿ ಶುದ್ಧ ಮಾಡಿದಂತೆ. ಆದರೆ ಔಷಧದ ಅಳತೆ ಬೇರೆ. ಐವರ್‌ಮೆಕ್ಟಿನ್ ಕುದುರೆಗೆ ಕೆಜಿಗೆ 0.2 ಮಿಲಿಗ್ರಾಂ, ಆಡಿಗೆ ವೈದ್ಯರು ಸಾಮಾನ್ಯವಾಗಿ ಅದರ ಎರಡರಷ್ಟು ಬಾಯಿಗೆ ಕೊಡಿಸುತ್ತಾರೆ. ಮಾಕ್ಸಿಡೆಕ್ಟಿನ್ ಎನ್ನುವ ಇನ್ನೊಂದು ಹುಳುಮದ್ದಿನ ಜೆಲ್ಲಿನ ಒಂದು ಕೊಳವೆಯಲ್ಲಿ 500 ಕೆಜಿ ದಾಟಿದ ಕುದುರೆಗೆ ಆಗುವಷ್ಟು ಮದ್ದು ಇರುತ್ತದೆ, ಅಳತೆ ನಿಲ್ಲಿಸುವ ತಿರುಗಣಿ ಬಿಗಿಯಾಗಿ ಕೂರದಿದ್ದರೆ ಒಂದೇ ಒತ್ತಿಗೆ ಪೂರ್ತಿ ಮಿನಿಯ ಬಾಯಿಗೆ ಹೋಗುತ್ತದೆ. ಮಿನಿ ಇರುವ ಮನೆಯಲ್ಲಿ ಆ ಜೆಲ್ ಇಡದಿರುವುದೇ ಮೇಲು. ಆಡಿನ ಕಣ್ಣಿನ ಕೆಳರೆಪ್ಪೆ ಬಿಡಿಸಿ ಬಣ್ಣ ನೋಡುವ ಅಭ್ಯಾಸ ಎರಡು ವಾರಕ್ಕೊಮ್ಮೆ ಇರಲಿ, ಬಿಳಿಚಿದ್ದರೆ ಹೆಚ್ಚಾಗಿ ಹುಳು ರಕ್ತ ಕುಡಿದಿದೆ ಎಂದು ಅರ್ಥ. ವರ್ಷಕ್ಕೊಮ್ಮೆ ಆಡಿಗೆ ಕೊಡಿಸುವ ಲಸಿಕೆ ಊರಲ್ಲಿ ಮಳೆಗೆ ಮುಂಚೆ ಹಾಕಿಸುವ ಕರುಳುಬೇನೆ ಲಸಿಕೆಯ ಬಳಗದ್ದೇ, ಇಲ್ಲಿ ಧನುರ್ವಾಯು ಸೇರಿಸಿ ಕೊಡುತ್ತಾರೆ. ಗೊರಸು ಕತ್ತರಿಸುವುದು ಇಬ್ಬರಿಗೂ ಆರರಿಂದ ಎಂಟು ವಾರಕ್ಕೊಮ್ಮೆ, ಒಂದೇ ದಿನ ಇಟ್ಟುಕೊಂಡರೆ ಮರೆಯುವುದಿಲ್ಲ.

ಗಬ್ಬದ ಮಿನಿ ಇದ್ದರೆ ಈಯುವುದಕ್ಕೆ ಒಂದು ತಿಂಗಳು ಮೊದಲೇ ಆಡುಗಳನ್ನು ಪಕ್ಕದ ಅಂಕಣಕ್ಕೆ ಹಾಕಿ, ತಂತಿಯಾಚೆ ಕಾಣುವ ಹಾಗೆ. ಎಷ್ಟೇ ಸ್ನೇಹವಿದ್ದರೂ ಹೊಸ ಬಾಣಂತಿ ಕುದುರೆ ಮರಿಯ ಹತ್ತಿರ ಬಂದ ಆಡನ್ನು ಒದೆಯುತ್ತದೆ, ಮಿನಿಯ ಒದೆತಕ್ಕೂ ಆಡಿನ ಕಾಲು ಮುರಿಯುತ್ತದೆ. ಮರಿ ಗಟ್ಟಿಯಾಗಿ ಓಡಾಡಿ, ತಾಯಿ ಅದನ್ನು ನಾಲ್ಕು ಹೆಜ್ಜೆ ದೂರ ಬಿಡಲು ಒಪ್ಪಿದ ಮೇಲೆ ಮತ್ತೆ ಬೇಲಿಯ ಆಚೀಚೆಯಿಂದಲೇ ಶುರು ಮಾಡಬೇಕು.